ಫಿಲ್ಟರ್ ಇಡ್ಲಿಕ್ಕೆ ಹೋಗುವವರು ಮೊದಲು ಮನೆಯ ಕ್ಯಾಂಡಲ್ ತೊಳೆಯಲಿ

ಹೊರದೇಶಕ್ಕೆ ಹೋಗಿ ಬಡವರ ಮನೆಗಳಲ್ಲಿ ನೀರಿನ ಫಿಲ್ಟರ್ ಇಟ್ಟು ಬರುದು ಒಳ್ಳೆ ಕೆಲಸ. ಅದಕ್ಕೆ ನನ್ನ ತಕರಾರು ಇಲ್ಲ. ನನ್ನ ತಕರಾರು ಇರುದು ನಮ್ಮ ಮಕ್ಕಳು ಅದಕ್ಕೆ ತಯಾರಾಗುವ ಕ್ರಮದ ಬಗ್ಗೆ, ಮತ್ತೆ ನಾವು ದೊಡ್ಡವರು ಅದನ್ನು ನೋಡಿ ಚಪ್ಪಾಳೆ ತಟ್ಟುವ ಬಗ್ಗೆ.

ನಮ್ಮ ನೆಂಟರ ಪೈಕಿ ಅಮೆರಿಕದಲ್ಲಿ ಓದುವ ಒಂದು ಹುಡುಗಿ ಬರುವ ರಜೆಯಲ್ಲಿ ಹತ್ತು ದಿನಕ್ಕೆ ಗ್ವಾಟೆಮಾಲಾಕ್ಕೆ ಹೋಗ್ತಾಳೆ, ಫಿಲ್ಟರ್ ಇಡ್ಲಿಕ್ಕೆ. ಫ್ಯಾಮಿಲಿ ಗ್ರೂಪಿನಲ್ಲಿ ಅವಳ ತಯಾರಿಯ ಪಟ್ಟಿ ಬಂತು. ಇಂಜೆಕ್ಷನ್, ಟಿಕೆಟ್, ಶೂ, ಸೊಳ್ಳೆಯ ಕ್ರೀಮು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ನಮ್ಮ ಹತ್ರ ಕೇಳಿದ ದುಡ್ಡು. ಪಟ್ಟಿಯಲ್ಲಿ ನೀರು ಅಂತ ಒಂದು ಶಬ್ದ ಇತ್ತು: ಅವಳು ಕುಡಿಯುವ ಬಾಟ್ಲಿ ನೀರು. ಕೆಳಗೆ ನಲವತ್ತು ಕೈ ಮುಗಿದ ಚಿತ್ರ, "ಪುಣ್ಯದ ಕೆಲಸ" ಅಂತ. ಅವಳ ಅಮ್ಮ ಇದನ್ನು ಓದ್ತಾಳೆ, ನಂಗೊತ್ತುಂಟು. ಬೇಸರ ಮಾಡ್ಬೇಡ ಮಾರಾಯ್ತಿ, ಮಗಳ ಮನಸ್ಸು ಒಳ್ಳೇದೇ. ಮನಸ್ಸು ಒಳ್ಳೇದಿದ್ರೆ ನೀರು ಚೊಕ್ಕ ಆಗುದಿಲ್ಲ, ಅಷ್ಟೇ ನಾನು ಹೇಳುದು.

ಅವರು ಇಡುದು ಮರಳಿನ ಫಿಲ್ಟರ್ ಅಂತೆ, ಬಯೋಸ್ಯಾಂಡ್ ಅಂತ ಹೆಸರು. ಕೆನಡಾದ ಕ್ಯಾಲ್ಗರಿ ಯೂನಿವರ್ಸಿಟಿಯಲ್ಲಿ ಡೇವಿಡ್ ಮಾಂಝ್ ಅನ್ನುವವರು 1990ರ ದಶಕದಲ್ಲಿ ಮಾಡಿದ್ದು. ಒಂದು ಡಬ್ಬದೊಳಗೆ ಅಡಿಗೆ ಜಲ್ಲಿ, ಮೇಲೆ ಸಣ್ಣ ಮರಳು, ಅದರ ಮೇಲೆ ಯಾವಾಗ್ಲೂ ನಾಲ್ಕೈದು ಸೆಂಟಿಮೀಟರ್ ನೀರು. ಮರಳಿನ ಮೇಲ್ಭಾಗದಲ್ಲಿ ಕಣ್ಣಿಗೆ ಕಾಣದ ಜೀವಿಗಳ ಒಂದು ಪದರ ಬೆಳೀತದೆ, ಅದೇ ಕೆಟ್ಟ ಕ್ರಿಮಿಗಳನ್ನು ತಿನ್ನುದು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದ್ಕೊಳ್ಳಿ. ಹೆಪ್ಪು ಹಾಕಿದ ಕೂಡ್ಲೇ ಮೊಸರು ಬಡಿಸ್ಲಿಕ್ಕೆ ಆಗ್ತದಾ? ಈ ಪದರ ಹದಕ್ಕೆ ಬರ್ಲಿಕ್ಕೆ ಮೂವತ್ತು ದಿವಸದವರೆಗೂ ಬೇಕಾಗ್ತದೆ. ಅಲ್ಲಿವರೆಗೆ ಸೋಸಿದ ನೀರನ್ನು ಕುದಿಸಬೇಕು, ಇಲ್ಲಾ ಕ್ಲೋರಿನ್ ಹಾಕಬೇಕು. ಆದ್ರೆ ಕ್ಲೋರಿನ್ ಹಾಕಿದ ನೀರನ್ನು ಮೇಲಿಂದ ಫಿಲ್ಟರಿಗೇ ಹೊಯ್ದ್ರೆ ಆ ಪದರ ಸಾಯ್ತದೆ. ಎರಡು ದಿವಸಕ್ಕಿಂತ ಜಾಸ್ತಿ ನೀರು ಹಾಕದೆ ಬಿಟ್ರೂ ಹಾಳು.

ಈಗ ಲೆಕ್ಕ ಹಾಕಿ. ಪದರಕ್ಕೆ ಮೂವತ್ತು ದಿನ, ಇವರ ಟ್ರಿಪ್ಪಿಗೆ ಹತ್ತು ದಿನ. ಫಿಲ್ಟರ್ ಸರಿಯಾಗಿ ಕೆಲಸ ಶುರು ಮಾಡುವಾಗ ಇವರು ಊರಿಗೆ ಮುಟ್ಟಿ ಫೋಟೋ ಹಾಕಿ ಆಗಿರ್ತದೆ. ಆ ಮೂವತ್ತು ದಿನ, ಅದರ ನಂತರದ ಹತ್ತು ವರ್ಷ ಅದನ್ನು ನೋಡಿಕೊಳ್ಳುದು ಯಾರು? ಆ ಮನೆಯ ಹೆಂಗಸು. ನೀರು ನಿಧಾನ ಆದಾಗ ಮೇಲಿನ ಮರಳನ್ನು ಮೆಲ್ಲ ಕಲಕಿ ಕೆಸರು ನೀರು ತೆಗೆಯುದು, ಹಿಡಿದಿಟ್ಟ ಪಾತ್ರೆಗೆ ಮಕ್ಕಳು ಕೈ ಹಾಕದ ಹಾಗೆ ನೋಡುದು, ಎಲ್ಲ ಅವಳೇ. ತಯಾರಿಯ ಪಟ್ಟಿಯಲ್ಲಿ ಅವಳೇ ಇಲ್ಲ.

ಇನ್ನೊಂದು ತಮಾಷೆ ನೋಡಿ. ಮಣ್ಣಿಗೆ ಮರದ ಹುಡಿ ಕಲಸಿ ಪಾತ್ರೆ ಮಾಡಿ ಸುಟ್ಟರೆ ಹುಡಿ ಉರಿದು ಸಣ್ಣ ಸಣ್ಣ ತೂತು ಆಗ್ತದೆ. ಅದಕ್ಕೆ ಬೆಳ್ಳಿಯ ದ್ರಾವಣ ಹಚ್ಚಿದ್ರೆ ಒಳ್ಳೆ ಫಿಲ್ಟರ್. ಇದನ್ನು 1981ರಲ್ಲಿ ಮಾಡಿದ್ದು ಫೆರ್ನಾಂಡೊ ಮಸಾರಿಯೆಗೋಸ್. ಎಲ್ಲಿ? ಗ್ವಾಟೆಮಾಲಾದಲ್ಲೇ! 1998ರ ಮಿಚ್ ಚಂಡಮಾರುತದ ನಂತರ ಹತ್ತಿರದ ನಿಕರಾಗುವಾದಲ್ಲಿ ಕುಂಬಾರರೇ ಇದನ್ನು ಮಾಡ್ಲಿಕ್ಕೆ ಕೂತರು. ಅಂಥಾ ಊರಿಗೆ ನಮ್ಮ ಮಕ್ಕಳು ಫಿಲ್ಟರ್ ಕಲಿಸ್ಲಿಕ್ಕೆ ಹೋಗುದು! ಕಲೀಲಿಕ್ಕೆ ಹೋಗ್ತೇವೆ ಅಂದಿದ್ರೆ ನಾನೇ ಮೊದಲು ದುಡ್ಡು ಕೊಡ್ತಿದ್ದೆ.

ಸ್ಪ್ಯಾನಿಷ್ ಕಲೀತಿದ್ದಾಳೆ ಅಂತ ಅವಳ ಅಮ್ಮ ಹೇಳಿದ್ಲು. ಅಲ್ಲಿಯ ಹಳ್ಳಿಗಳಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಾಯಾ ಭಾಷೆಗಳು ಉಂಟು, ಎಷ್ಟೋ ಅಜ್ಜಿಯಂದ್ರಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಅಲೆವೂರಿನವರಿಗೆ ಇದನ್ನು ಬಿಡಿಸಿ ಹೇಳ್ಬೇಕಾ? ಆಫೀಸಿನವರು ಬಂದು ಚಂದದ ಕನ್ನಡದಲ್ಲಿ ಹೇಳಿ ಹೋಗ್ತಾರೆ, ತುಳು ಮಾತ್ರ ಬರುವ ಅಜ್ಜಿ "ಆವು, ಆವು" ಅಂತ ತಲೆ ಆಡಿಸ್ತಾರೆ. ತಲೆ ಆಡಿಸಿದ್ದು ಅರ್ಥ ಆಗಿ ಅಲ್ಲ, ಮರ್ಯಾದೆಗೆ.

"ಏನೂ ಇಲ್ಲದಕ್ಕಿಂತ ಏನಾದ್ರೂ ಕೊಡುದು ಒಳ್ಳೇದಲ್ವಾ ಅಕ್ಕ?" ಅಂತ ಕೇಳುವವರು ಉಂಟು. ಎಲ್ಲ ಸಲ ಅಲ್ಲ. ಬಾಂಗ್ಲಾದೇಶದಲ್ಲಿ ಕೆರೆಯ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯ್ತಾರೆ ಅಂತ 1970ರ ದಶಕದಿಂದ ಸರಕಾರ, ಯುನಿಸೆಫ್ ಎಲ್ಲ ಸೇರಿ ಊರೂರಿಗೆ ಕೊಳವೆ ಬಾವಿ ತೋಡಿಸಿದ್ರು. ಉದ್ದೇಶದಲ್ಲಿ ತಪ್ಪಿಲ್ಲ. ಆದ್ರೆ ಆ ನೀರಿನಲ್ಲಿ ಆರ್ಸೆನಿಕ್ ಉಂಟಾ ಅಂತ ನೋಡ್ಲಿಲ್ಲ. 1990ರ ದಶಕದಲ್ಲಿ ಗೊತ್ತಾಗುವಾಗ ಕೋಟಿಗಟ್ಟಲೆ ಜನ ಅದನ್ನೇ ಕುಡಿದಾಗಿತ್ತು. ನಮ್ಮಲ್ಲೂ ಪಾವಗಡ, ಕೋಲಾರದ ಕಡೆ ಫ್ಲೋರೈಡಿನಿಂದ ಹಲ್ಲು ಕಂದಾಗಿ ಮೂಳೆ ಬಗ್ಗಿದವರು ಇದ್ದಾರೆ. ಅಲ್ಲಿಗೆ ಈ ಮರಳಿನ ಫಿಲ್ಟರ್ ಇಟ್ರೆ ಫ್ಲೋರೈಡ್ ಹೋಗುದಿಲ್ಲ. ಕುದಿಸಿದ್ರೂ ಹೋಗುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿ ಆಗ್ತದೆ. ಹಾಗಾಗಿ ಮೊದಲು ನೀರಿನ ಪರೀಕ್ಷೆ, ಆಮೇಲೆ ಫಿಲ್ಟರ್.

ಸರಿಯಾಗಿ ಮಾಡಿದವರೂ ಇದ್ದಾರೆ. ಕಾರ್ಕಳದ ಜೈನರ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಕ್ರಮ ನಮಗೆ ಗೊತ್ತೇ ಉಂಟು. ಅದೇ ನಮೂನೆ ಬಾಂಗ್ಲಾದೇಶದಲ್ಲಿ ರೀಟಾ ಕೋಲ್ವೆಲ್ ಮತ್ತು ಅವರ ಜೊತೆಯವರು ಹಳೆ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕೊಡಪಾನದ ಬಾಯಿಗೆ ಕಟ್ಲಿಕ್ಕೆ ಹೆಂಗಸರಿಗೆ ಹೇಳಿದ್ರು. 2003ರಲ್ಲಿ ಬಂದ ಅವರ ವರದಿಯಲ್ಲಿ ಕಾಲರಾ ನೂರಕ್ಕೆ 48ರಷ್ಟು ಕಡಿಮೆ. ನಂಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಐದು ವರ್ಷ ಬಿಟ್ಟು ಅವರು ವಾಪಸ್ ಹೋಗಿ ಕೇಳಿದ್ರು, ಈಗ್ಲೂ ಸೋಸ್ತೀರಾ ಅಂತ. ನೂರರಲ್ಲಿ 31 ಹೆಂಗಸರು ಹೌದು ಅಂದ್ರು. ವಾಪಸ್ ಹೋದವರಿಗೆ ಮಾತ್ರ ಇಂಥಾ ಲೆಕ್ಕ ಸಿಗ್ತದೆ.

ಹಾಗಾದ್ರೆ ತಯಾರಿ ಹೇಗೆ? ಹೋಗುವ ಮಗು, ಗಂಡಾಗ್ಲಿ ಹೆಣ್ಣಾಗ್ಲಿ, ಒಂದು ತಿಂಗಳು ತನ್ನ ಮನೆಯ ಕುಡಿಯುವ ನೀರಿನ ಜವಾಬ್ದಾರಿ ಪೂರ್ತಿ ಹೊರಲಿ. ಸ್ಟೀಲ್ ಫಿಲ್ಟರಿನ ಕ್ಯಾಂಡಲನ್ನು ಸೋಪು ಹಾಕದೆ ಮೆತ್ತಗಿನ ಬ್ರಶ್ಶಿನಲ್ಲಿ ಉಜ್ಜಿ ತೊಳೆಯಲಿ. ಅದು ಬಿರುಕು ಬಿಟ್ಟಿದೆಯಾ ನೋಡಲಿ. ಊರಿಗೆ ಬಂದಿದ್ರೆ ಮೊದಲ ಮಳೆಗೆ ಬಾವಿ ನೀರು ಕೆಂಪಾದಾಗ ಎಂತ ಮಾಡುದು, ಬ್ಲೀಚಿಂಗ್ ಪೌಡರ್ ಎಷ್ಟು ಹಾಕುದು, ಯಾವಾಗ ಸೇದುದು ಅಂತ ಅಜ್ಜಿಯ ಹತ್ರ ಕೇಳಲಿ. ನಮ್ಮ ಎಷ್ಟು ಮನೆಯ ಮಕ್ಕಳು ಇಪ್ಪತ್ತು ವರ್ಷ ಫಿಲ್ಟರಿನ ನೀರು ಕುಡಿದು ಒಮ್ಮೆಯೂ ಅದರ ಮುಚ್ಚಳ ತೆಗೆದು ನೋಡ್ಲಿಲ್ಲ! ತೊಳೆದದ್ದು ನಾವು. ತೊಳೆಯುವ ಕೆಲಸ ಕಣ್ಣಿಗೆ ಬೀಳದವರಿಗೆ ಅಲ್ಲಿಯ ಹೆಂಗಸಿನ ಕೆಲಸವೂ ಕಣ್ಣಿಗೆ ಬೀಳುದಿಲ್ಲ.

ಆಮೇಲೆ ತಂಡದವರ ಹತ್ರ ನಾಲ್ಕು ಪ್ರಶ್ನೆ ಕೇಳಲಿ. ಅಲ್ಲಿಯ ನೀರಿನಲ್ಲಿ ಎಂತ ಉಂಟು ಅಂತ ಪರೀಕ್ಷೆ ಆಗಿದೆಯಾ? ಆ ಮನೆಯವಳಿಗೆ ಫಿಲ್ಟರ್ ಬೇಕಾ ಅಂತ ಕೇಳಿದ್ದೀರಾ? ಹಾಳಾದ್ರೆ ಅದೇ ಊರಿನಲ್ಲಿ ಸರಿ ಮಾಡುವವರು ಇದ್ದಾರಾ? ಒಂದು ವರ್ಷ ಬಿಟ್ಟು ನೋಡ್ಲಿಕ್ಕೆ ಯಾರು ಹೋಗ್ತಾರೆ? ನಾಲ್ಕಕ್ಕೂ ಉತ್ತರ ಇದ್ರೆ ಸಂತೋಷದಿಂದ ಹೋಗಲಿ. ಇಲ್ಲದಿದ್ರೆ ವಿಮಾನದ ದುಡ್ಡನ್ನು ಅಲ್ಲಿಯ ಕುಂಬಾರರಿಗೇ ಕಳಿಸಲಿ.

ಅತ್ತೆಯಂದ್ರೆ, ಚಿಕ್ಕಮ್ಮಂದ್ರೆ, ದುಡ್ಡು ಕೇಳಿದಾಗ ಕೊಡ್ಬೇಡಿ ಅಂತ ನಾನು ಹೇಳುದಿಲ್ಲ. ಕೊಡುವ ಮುಂಚೆ ಈ ನಾಲ್ಕು ಪ್ರಶ್ನೆ ಕೇಳಿ ಕೊಡಿ. ವಾಪಸ್ ಬಂದ ಮೇಲೆ ಎಷ್ಟು ಮನೆಯಲ್ಲಿ ಇಟ್ಟೆ ಮಗಾ ಅಂತ ಕೇಳುದು ಬೇಡ. ಬರುವ ವರ್ಷ ಈ ಹೊತ್ತಿಗೆ ಅದರಲ್ಲಿ ಎಷ್ಟು ಮನೆಯಲ್ಲಿ ಇನ್ನೂ ನೀರು ಬೀಳ್ತಾ ಉಂಟು ಅಂತ ಕೇಳಿ.