ನಗುವ ಬಾಬಾಸಾಹೇಬರನ್ನ ಬಿಡಿಸಿದ ಮಗುವಿಗೆ ನಾನು ಕೊಡಬೇಕಾದ ಬಹುಮಾನ



ಇವತ್ತು ಒಂದು ತಪ್ಪು ಒಪ್ಕೋಬೇಕು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಏಪ್ರಿಲ್ 14ಕ್ಕೆ ನಮ್ಮ ಕಾಲೋನಿ ಮಕ್ಕಳಿಗೆ ಚಿತ್ರ ಬಿಡಿಸೋ ಸ್ಪರ್ಧೆ ಇಟ್ಟಿದ್ವಿ. ಇಪ್ಪತ್ತು ವರ್ಷದಿಂದ ಬ್ಯಾನರು, ಗೋಡೆಬರಹ ಅಂತ ಕುಂಚ ಹಿಡಿದಿದೀನಿ ಅನ್ನೋ ಕಾರಣಕ್ಕೆ ನಾನೂ ಒಬ್ಬ ತೀರ್ಪುಗಾರ. ಬಂದ ಹಾಳೆಗಳಲ್ಲೆಲ್ಲ ಒಂದೇ ಚಿತ್ರ: ನೀಲಿ ಕೋಟು, ಕೈಯಲ್ಲಿ ಸಂವಿಧಾನ, ಎತ್ತಿದ ಬೆರಳು. ಒಂದು ಹಾಳೆ ಮಾತ್ರ ಬೇರೆ ಇತ್ತು. ಏಳನೇ ಕ್ಲಾಸಿನ ಹುಡುಗಿ ಬಿಡಿಸಿದ್ದು. ಬಾಬಾಸಾಹೇಬರು ಹಳದಿ ಕೋಟು ಹಾಕ್ಕೊಂಡು, ಕಣ್ಣು ಮುಚ್ಚಿ ನಗ್ತಾ ಪಿಟೀಲು ಬಾರಿಸ್ತಿದಾರೆ. ಸುತ್ತ ಮಕ್ಕಳು ಕುಣೀತಿದಾರೆ. ಮೂಲೆಯಲ್ಲಿ ಒಂದು ನಾಯಿ ಕೂಡ ಹಿಂಗಾಲಲ್ಲಿ ನಿಂತು ಕುಣೀತಿದೆ.

ಪಕ್ಕದಲ್ಲಿದ್ದ ಹಿರಿಯರು "ಇದೇನಪ್ಪ ಇದು, ಗಾಂಭೀರ್ಯನೇ ಇಲ್ವಲ್ಲ" ಅಂದು ಹಾಳೆನ ಆಚೆಗಿಟ್ರು. ನನಗೆ ಆ ಚಿತ್ರ ಬಹಳ ಹಿಡಿಸಿತ್ತು. ಆದ್ರೂ ಬಾಯಿ ಬಿಡಲಿಲ್ಲ. ಬಹುಮಾನ ಹಂಚಿದ ಮೇಲೆ ಆ ಮಗು ಬಂದು, "ಮಾಮ, ನಂದು ತಪ್ಪಾ? ಅವರು ಪಿಟೀಲು ಕಲಿತಿದ್ರು ಅಂತ ನೀವೇ ಅಲ್ವಾ ಹೇಳಿದ್ದು?" ಅಂತು.

ನಿಜ, ನಾನೇ ಹೇಳಿದ್ದೆ. ಅಷ್ಟೊಂದು ಓದು, ಬರಹ, ಹೋರಾಟದ ನಡುವೆ ಬಾಬಾಸಾಹೇಬರು ಪಿಟೀಲು ಕಲಿತರು, ವಯಸ್ಸಾದ ಮೇಲೆ ಬಣ್ಣ, ಕುಂಚನೂ ಹಿಡಿದರು. ಇದನ್ನ ಭಾಷಣದಲ್ಲಿ ಹೇಳಿ ಚಪ್ಪಾಳೆ ತಗೊಳ್ತೀವಿ. ಒಂದು ಮಗು ಅದನ್ನ ನಂಬಿ ಚಿತ್ರ ಮಾಡಿದ್ರೆ ಆಚೆಗಿಡ್ತೀವಿ.

ಹಿರಿಯರನ್ನ ನಾನು ಬೈಯೋಕೆ ಹೋಗಲ್ಲ. ಅವರ ಭಯಕ್ಕೆ ಕಾರಣ ಇದೆ. ಬಾಬಾಸಾಹೇಬರನ್ನ ನೋಡಿ ಈ ದೇಶ ನಕ್ಕಿದ್ದು ಕಮ್ಮಿ ಅಲ್ಲ. ಉನ್ನಮತಿ ಶ್ಯಾಮಸುಂದರ್ ಅನ್ನೋ ನಮ್ಮದೇ ವ್ಯಂಗ್ಯಚಿತ್ರಕಾರ 1932ರಿಂದ 1956ರವರೆಗೆ ಪತ್ರಿಕೆಗಳಲ್ಲಿ ಬಂದ ಅಂಥ ಚಿತ್ರಗಳನ್ನ ಹುಡುಕಿ, 2019ರಲ್ಲಿ 'ನೋ ಲಾಫಿಂಗ್ ಮ್ಯಾಟರ್' ಅಂತ ಪುಸ್ತಕ ಮಾಡಿದಾರೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ. 1949ರಲ್ಲಿ ಶಂಕರ್ ಬರೆದ ಚಿತ್ರ ನಿಮಗೆ ನೆನಪಿರಬಹುದು. ಸಂವಿಧಾನ ಅನ್ನೋ ಬಸವನಹುಳದ ಮೇಲೆ ಬಾಬಾಸಾಹೇಬರು, ಹಿಂದೆ ಚಾಟಿ ಎತ್ತಿದ ನೆಹರೂ. ಅದು ಹನ್ನೊಂದನೇ ತರಗತಿ ಪುಸ್ತಕದಲ್ಲಿತ್ತು, 2012ರಲ್ಲಿ ಸಂಸತ್ತಲ್ಲೇ ಗಲಾಟೆ ಆಯ್ತು. ಇಷ್ಟೆಲ್ಲ ಕಂಡ ಜನ "ಅವರ ಚಿತ್ರದ ಜೊತೆ ಆಟ ಬೇಡ" ಅಂದ್ರೆ ನನಗೆ ಅರ್ಥ ಆಗುತ್ತೆ.

ಆದ್ರೆ ಅವರು ನಮ್ಮನ್ನ ನೋಡಿ ನಗೋದು ಬೇರೆ, ನಮ್ಮ ಮಗು ತನ್ನ ಬಾಬಾಸಾಹೇಬರ ಜೊತೆ ನಗೋದು ಬೇರೆ. ಅವರ ನಗೆಗೆ ಹೆದರಿ ನಮ್ಮ ನಗೆನೂ ಬಿಟ್ಟುಬಿಟ್ರೆ ನಷ್ಟ ಯಾರಿಗೆ? ದಲಿತ ಕಲಾವಿದ ಅಂದ್ರೆ ಹೊರಗಿನವರು ನೋವಿನ ಚಿತ್ರ ಕೇಳ್ತಾರೆ. ನಮ್ಮೋರು ಬೆರಳೆತ್ತಿದ ಚಿತ್ರ ಕೇಳ್ತಾರೆ. ಹಳದಿ ಕೋಟು ಯಾರೂ ಕೇಳಲ್ಲ. ಹೂವು, ನಾಯಿ, ಮಳೆ, ಸುಮ್ಮನೆ ಖುಷಿಗೆ ಬಿಡಿಸೋದು ಇವೆಲ್ಲ ಹೊಟ್ಟೆ ತುಂಬಿದವರ ಸೊತ್ತು ಅಂತ ನಾವೇ ಬರೆದುಕೊಟ್ಟ ಹಾಗಾಯ್ತು.

"ಮನೆಗೆ ಬೆಂಕಿ ಬಿದ್ದಿರೋವಾಗ ಆಟ ಏನಣ್ಣ?" ಅಂತ ತಮ್ಮಂದಿರು ಕೇಳ್ತಾರೆ. ಅವರಿಗೆ ತೊಗಲುಗೊಂಬೆ ಆಟ ನೋಡಿ ಅಂತೀನಿ. ಚರ್ಮ ಹದ ಮಾಡಿ, ಅದರಲ್ಲಿ ತೂತು ಕೊರೆದು, ಬಣ್ಣ ಹಾಕಿ, ದೀಪದ ಮುಂದೆ ಕುಣಿಸೋ ಕಲೆ. ಅದನ್ನ ಉಳಿಸಿಕೊಂಡು ಬಂದವರಲ್ಲಿ ಮುಖ್ಯವಾದವರು ಪರಿಶಿಷ್ಟರ ಪಟ್ಟಿಯಲ್ಲಿರೋ ಶಿಳ್ಳೇಕ್ಯಾತರು. 2025ರಲ್ಲಿ ಪದ್ಮಶ್ರೀ ಬಂದ ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರು ತೊಂಬತ್ತು ದಾಟಿದ ಅಜ್ಜಿ. ಆ ಆಟದಲ್ಲಿ ರಾಮ ರಾವಣರ ಕಥೆ ನಡೀತಿರುತ್ತೆ. ನಡುವೆ ಕಿಳ್ಳೇಕ್ಯಾತ ನುಗ್ತಾನೆ, ಜೊತೆಗೆ ಹೆಂಡತಿ ಬಂಗಾರಕ್ಕ. ಕರಿ ಮೈ, ವಿಕಾರ ರೂಪ, ಬಾಯಿ ಬಿಟ್ರೆ ಊರ ಮಾತು. ಅವನಿಗೆ ರಾಜನೂ ಒಂದೇ, ಗೌಡನೂ ಒಂದೇ. ತೊಗಲು ಮುಟ್ಟಿದವರನ್ನ ದೂರ ಇಟ್ಟ ಊರೇ ಆ ತೊಗಲಿನ ಗೊಂಬೆ ಮುಂದೆ ಕೂತು ರಾತ್ರಿಯೆಲ್ಲ ನಗ್ತಿತ್ತು. ಸಮುದಾಯದ ಹೆಸರಲ್ಲೇ ಇರೋದು ಆ ತುಂಟ. ಇದು ಹೊಟ್ಟೆ ತುಂಬಿದವರು ಕಲಿಸಿದ ಆಟ ಅಲ್ಲ.

ಇನ್ನು, ಸ್ಫೂರ್ತಿ ಎಲ್ಲಿಂದ ತರೋದು ಅಂತ ಕೇಳೋರಿಗೆ ಬಿಹಾರದ ಒಂದು ಮಾತು. ಮಿಥಿಲಾ ಚಿತ್ರಕಲೆ ಹೆಸರು ಮಾಡಿದ್ದು ಮೇಲ್ಜಾತಿ ಹೆಂಗಸರ ದೇವರ ಚಿತ್ರಗಳಿಂದ. 1970ರ ದಶಕದಲ್ಲಿ ಜಿತ್ವಾರ್‌ಪುರದ ದಲಿತ ಹೆಂಗಸರೂ ಕಾಗದ ಹಿಡಿದರು. ಆ ದೇವರುಗಳನ್ನೇ ನಕಲು ಮಾಡ್ತಾ ಕೂರಲಿಲ್ಲ. ದುಸಾಧ ಸಮುದಾಯದ ಚಾನೋ ದೇವಿಯಂಥವರು ತಮ್ಮ ಮೈಮೇಲಿನ ಹಚ್ಚೆ ನೋಡಿಕೊಂಡರು. ಆ ಚುಕ್ಕಿ, ಗೆರೆ, ಹೂವುಗಳನ್ನೇ ಕಾಗದಕ್ಕಿಳಿಸಿ, ತಮ್ಮ ವೀರ ರಾಜಾ ಸಲ್ಹೇಸನ ಕಥೆ ಬಿಡಿಸಿದರು. ಅದಕ್ಕೆ ಗೋದ್ನಾ ಶೈಲಿ ಅಂತಾನೇ ಹೆಸರಾಯ್ತು. ಓದಿದ ದಿನ ನಮ್ಮವ್ವನ ಕೈ ನೆನಪಾಯ್ತು. ಮೊಣಕೈವರೆಗೂ ಹಚ್ಚೆ. ಚಿಕ್ಕವನಿದ್ದಾಗ ಅದರ ಮೇಲೆ ಬೆರಳಾಡಿಸ್ಕೊಂಡೇ ನಿದ್ದೆ ಹೋಗ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಒಂದು ಸಲನೂ ಅದನ್ನ ಬಿಡಿಸಬೇಕು ಅನ್ನಿಸಿರಲಿಲ್ಲ ನೋಡಿ.

ಯಾಕಂದ್ರೆ ನನ್ನ ಕುಂಚ ಆರ್ಡರ್ ಇಲ್ಲದೆ ಏಳ್ತಾನೇ ಇರಲಿಲ್ಲ. ಧರಣಿ ಇದ್ರೆ ಬ್ಯಾನರು, ಯಾರಾದ್ರೂ ಸತ್ರೆ ಶ್ರದ್ಧಾಂಜಲಿ. ಈಗ ಆಫೀಸಲ್ಲಿ ಊಟದ ಹೊತ್ತು ಹತ್ತು ನಿಮಿಷ, ಪ್ರಿಂಟ್ ಕೆಟ್ಟ ಹಾಳೆಯ ಹಿಂದೆ ಏನಾದ್ರೂ ಗೀಚ್ತೀನಿ. ಯಾರಿಗೂ ತೋರಿಸಬೇಕಿಲ್ಲ, ಚೆನ್ನಾಗಿ ಬರಬೇಕು ಅಂತನೂ ಇಲ್ಲ. ಮೊನ್ನೆ ಟಪ್ಪಾಲು ರಿಜಿಸ್ಟರಿಗೆ ಎರಡು ಕೊಂಬು ಬಂದು ಎಮ್ಮೆ ಆಯ್ತು. ನೋಡ್ಕೊಂಡು ಒಬ್ಬನೇ ನಕ್ಕೆ. ಅವತ್ತು ಸಂಜೆ ಧರಣಿಗೆ ಬರೆದ ಬ್ಯಾನರಿನ ಅಕ್ಷರನೂ ಯಾಕೋ ಹಗುರವಾಗಿ ಬಂತು.

ಈ ಸಲದ ಜಯಂತಿಗೆ ಸಮಿತಿ ಮುಂದೆ ಎರಡು ಮಾತು ಇಟ್ಟಿದೀನಿ. ಒಂದು, ಮಕ್ಕಳ ಸ್ಪರ್ಧೆಗೆ ವಿಷಯ ಕೊಡೋದು ಬೇಡ, ಒಂದನೇ ಎರಡನೇ ಬಹುಮಾನನೂ ಬೇಡ. ಬಂದ ಮಕ್ಕಳಿಗೆಲ್ಲ ಒಂದೊಂದು ಬಣ್ಣದ ಡಬ್ಬಿ ಕೊಡೋಣ. ಎರಡು, ಸಮುದಾಯ ಭವನದ ಬಲಗಡೆ ಗೋಡೆಗೆ ಆ ಹಳದಿ ಕೋಟಿನ ಚಿತ್ರನ ದೊಡ್ಡದಾಗಿ ಬಿಡಿಸೋಣ. ಎಡಗಡೆ ಗೋಡೆ ಮೇಲೆ ಬೆರಳೆತ್ತಿದ ಬಾಬಾಸಾಹೇಬರು ಇದ್ದೇ ಇದಾರೆ, ಇರಲಿ, ಅವರೂ ಬೇಕು. ಹಿರಿಯರು ಇನ್ನೂ ಹ್ಞೂಂ ಅಂದಿಲ್ಲ. "ನೋಡಾನ" ಅಂದಿದಾರೆ.

ಆ ಮಗುವಿನ ಹತ್ತಿರ ಹೋಗಿ ತಪ್ಪಾಯ್ತು ಕಣವ್ವ ಅಂದೆ. ಗೋಡೆ ವಿಷಯನೂ ಹೇಳ್ದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಸರಿ ಮಾಮ, ಆದ್ರೆ ನಾಯಿ ಮಾತ್ರ ನಾನೇ ಬಿಡಿಸೋದು" ಅಂತು.

ಜೈ ಭೀಮ್.