ಅನುಭವಕ್ಕೆ ನಿವೃತ್ತಿಯಿಲ್ಲ

ಮಹಾಜನ ಆಯೋಗವು 1967ರ ವರದಿಯಲ್ಲಿ ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಗಳನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತ್ತು. ಎಲ್ಲವೂ ಹೊರಗೇ ಉಳಿದವು. ಆದುದರಿಂದ ಅಲ್ಲಿನ ಕಂದಲಗಾಂವದ ಕನ್ನಡತಿಯ ಕಷ್ಟಸುಖ ನಮಗೆ ಪರಕೀಯವಲ್ಲ.

ಆ ಸೀಮೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳಿಗೆ ದೂರದೂರದಲ್ಲಿ ಗಿರಾಕಿಗಳಿದ್ದಾರೆ. ರೊಟ್ಟಿ ಬಡಿದು ಮಾರಿ ಸಂಸಾರ ದಡ ಸೇರಿಸಿದ ಹೆಂಗಸರು ಅಲ್ಲಿದ್ದಂತೆ, ಹಪ್ಪಳ, ಉಪ್ಪಿನಕಾಯಿ ಮಾರಿ ಮಕ್ಕಳನ್ನು ಓದಿಸಿದವರು ಇಲ್ಲಿಯೂ ಇದ್ದಾರೆ. ಕಸುವು ಕುಂದಿ ವ್ಯಾಪಾರವನ್ನು ಮಗ-ಸೊಸೆಗೆ ಒಪ್ಪಿಸಿದ ಮೇಲೆ ಇವರನ್ನು ಕೇಳುವವರಿಲ್ಲ. ಪಿಂಚಣಿ ಹಾಗಿರಲಿ, ಬೀಳ್ಕೊಡುಗೆಯ ಹಾರವೂ ಇಲ್ಲ. ವ್ಯಾಪಾರದೊಂದಿಗೆ ನಾಲ್ಕು ಜನರ ಒಡನಾಟವೂ ತಪ್ಪುತ್ತದೆ.

ಇಂಥವರು ಮಹಿಳಾ ಉದ್ಯಮಿಗಳ ಸಂಘಗಳನ್ನು ಸೇರುವುದು ಉಚಿತ. ಬೆಂಗಳೂರಿನಲ್ಲಿ 1983ರಲ್ಲಿ ಹುಟ್ಟಿದ ‘ಅವೇಕ್’ ಸಂಸ್ಥೆಯಲ್ಲಿ ಉದ್ಯಮ ನಡೆಸಿದ ಮಹಿಳೆಯರೇ ಹೊಸಬರಿಗೆ ದಾರಿ ತೋರುತ್ತ ಬಂದಿದ್ದಾರೆ. ಸಾಲದ ಬಾಕಿ ವಸೂಲು ಮಾಡುವ ಬಗೆ, ಮಳೆಗಾಲದಲ್ಲಿ ಹಪ್ಪಳ ಕೆಡದಂತೆ ಕಾಯುವ ಉಪಾಯ ಹಿರಿಯರ ಬಾಯಿಂದಲೇ ಬರಬೇಕು. ಕಲಿಸಿದವರಿಗೆ ಗೌರವ, ಸಮವಯಸ್ಕರ ಸ್ನೇಹ, ಬ್ಯಾಂಕು-ಸರಕಾರದ ಯೋಜನೆಗಳ ತಿಳಿವಳಿಕೆ ದೊರೆಯುತ್ತವೆ.

ಕೇರಳದಲ್ಲಿ 1998ರಿಂದ ಕುಟುಂಬಶ್ರೀ ಇದೆ. ಆದರೆ ಅದರ ಅಯಲ್‌ಕೂಟಕ್ಕೆ ಸಾಮಾನ್ಯವಾಗಿ ಮನೆಗೊಬ್ಬಳೇ ಸದಸ್ಯೆ. ಸೊಸೆ ಸೇರಿದರೆ ಅತ್ತೆ ಹೊರಗೆ. ವ್ಯಾಪಾರ ಬಿಟ್ಟ ಹಿರಿಯರನ್ನು ಸಲಹೆಗಾರ್ತಿಯರನ್ನಾಗಿ ಕರೆಯಲು ಅಡ್ಡಿಯೇನು? ಕನ್ನಡ ಮನೆಗಳಿರುವಲ್ಲಿ ಸಭೆಯ ಮಾತೂ ಕಾಗದವೂ ಕನ್ನಡದಲ್ಲಿರಲಿ. ಅರ್ಥವಾಗದ ಫಾರಮಿಗೆ ಹೆಬ್ಬೆಟ್ಟು ಒತ್ತಿ ಮೂಲೆಯಲ್ಲಿ ಕೂರುವ ಸದಸ್ಯತ್ವದಿಂದ ಯಾರಿಗೂ ಪ್ರಯೋಜನವಿಲ್ಲ. ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು. ಮನೆಯವರೂ ತಾಯಂದಿರನ್ನು ಸಭೆಗೆ ಕಳುಹಿಸಿಕೊಡಬೇಕು ಎಂಬುದು ನಮ್ಮ ವಿನಂತಿ.