ದೊಡ್ಡ ಗಡಿಯಾರದ ಅಂಕಿಗಳು

ಕಳೆದ ರಜೆಯಲ್ಲಿ ನಾನು ಕುಂದಾಪುರದಿಂದ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ಪುರಭವನದ ಬಳಿಯ ದೊಡ್ಡ ಗಡಿಯಾರದ ಕೆಳಗೆ ನಿಂತಿದ್ದಾಗ ಒಬ್ಬ ವಿದ್ಯಾರ್ಥಿನಿ, "ಸರ್, ಮುಳ್ಳು ಇರುವ ಜಾಗ ನೋಡಿ ಗಂಟೆ ಹೇಳಬಲ್ಲೆ, ಅಂಕಿಗಳನ್ನು ಮಾತ್ರ ಓದಲಾರೆ" ಎಂದಳು. ಫಲಕದ ಮೇಲಿದ್ದವು ಕನ್ನಡ ಅಂಕಿಗಳು. ಕನ್ನಡ ಕಲಿಸುವವನಾದ ನನಗೆ ಆ ಮಾತು ನಾಟಿತು.

ಪುರಭವನವು ದಿವಾನ್ ರಂಗಾಚಾರ್ಲು ಅವರ ಸ್ಮಾರಕ. ೧೮೮೧ರಲ್ಲಿ ೧೪೪ ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದ್ದು ಅವರ ಕಾಲದಲ್ಲಿ. ೧೮೮೩ರಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಭವನದ ಕೆಲಸ ಮೊದಲಾಯಿತು. ಪಕ್ಕದ ೭೫ ಅಡಿ ಎತ್ತರದ ಗೋಪುರ ಎದ್ದದ್ದು ೧೯೨೭ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ. ಅದೇ ಊರಿನ ಚಿಕ್ಕ ಗಡಿಯಾರಕ್ಕೆ ವೈಸರಾಯ್ ಡಫರಿನ್ನನ ಹೆಸರಿದೆ. ದೊಡ್ಡದನ್ನು ಕಟ್ಟಿಸಿದವರು ಅರಮನೆಯ ನೌಕರರು. ಕೈಗಡಿಯಾರ ಎಲ್ಲರಿಗೂ ಎಟುಕದಿದ್ದ ದಿನಗಳಲ್ಲಿ ಅವರು ಊರಿಗೆಲ್ಲ ಒಂದೇ ಹೊತ್ತನ್ನು, ಊರಿನ ಲಿಪಿಯಲ್ಲಿಯೇ ತೋರಿಸಿದರು.

ಇಂಥ ಕಟ್ಟಡಗಳ ಗತಿ ಈಗ ಚರ್ಚೆಯ ವಿಷಯ. ೨೦೧೨ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. ೨೦೧೬ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಅಂದಿನಿಂದ ಕೆಡವಿ ಕಟ್ಟಬೇಕೆಂಬ ವಾದಕ್ಕೂ ದುರಸ್ತಿ ಮಾಡಿ ಉಳಿಸಬೇಕೆಂಬ ವಾದಕ್ಕೂ ಘರ್ಷಣೆ ನಡೆದಿದೆ. ಜನರ ಪ್ರಾಣಕ್ಕಿಂತ ಇಟ್ಟಿಗೆ ಗಾರೆ ದೊಡ್ಡದಲ್ಲ, ನಿಜ. ಆದರೆ ಕಟ್ಟಡ ಒಂದೇ ದಿನದಲ್ಲಿ ಶಿಥಿಲವಾಗುವುದಿಲ್ಲ. ಮಳೆನೀರು ಗೋಡೆಯೊಳಗೆ ಇಳಿಯುತ್ತದೆ. ಬಿರುಕಿನಲ್ಲಿ ಗಿಡ ಬೇರೂರುತ್ತದೆ. ನೋಡುವವರು ನೋಡದೆ ಹೋಗುತ್ತಾರೆ. ನಮ್ಮ ಕರಾವಳಿಯಲ್ಲಿ ಬಡವನೂ ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚನ್ನು ಸರಿಪಡಿಸುತ್ತಾನೆ. ವರ್ಷ ವರ್ಷದ ಈ ಎಚ್ಚರವನ್ನು ಸಾರ್ವಜನಿಕ ಕಟ್ಟಡಗಳಿಗೆ ತೋರಿದ್ದರೆ ಕೆಡಹುವ ಮಾತು ಇಷ್ಟು ಸುಲಭವಾಗಿ ಬರುತ್ತಿರಲಿಲ್ಲ.

ದೊಡ್ಡ ಗಡಿಯಾರದಲ್ಲಿಯೂ ಬಿರುಕುಗಳು ಕಾಣಿಸಿಕೊಂಡು ದುರಸ್ತಿಗೆ ಕೈಹಚ್ಚಬೇಕಾಯಿತು. ಅದು ಆಗಬೇಕಾದದ್ದೇ. ಗೋಡೆಯ ಬಿರುಕನ್ನು ಗಾರೆಯವನು ಮುಚ್ಚಿಯಾನು. ಅಂಕಿಗೂ ಅದನ್ನು ಓದುವ ಕಣ್ಣಿಗೂ ನಡುವೆ ಬಿದ್ದ ಬಿರುಕನ್ನು ಮುಚ್ಚುವುದು ಯಾರ ಕೆಲಸ? ಗೋಪುರ ನಿಂತೂ ಅದರ ಫಲಕವನ್ನು ಯಾರೂ ಓದದಂತಾದರೆ ನಾವು ಉಳಿಸಿಕೊಂಡದ್ದು ಅರ್ಧವೇ. ಈ ಅರ್ಧದ ಲೋಪಕ್ಕೆ ಎಂಜಿನಿಯರರು ಹೊಣೆಗಾರರಲ್ಲ. ಹೊಣೆ ನನ್ನಂಥ ಅಧ್ಯಾಪಕರದು.

ಊರಿಗೆ ಮರಳಿದ ಮೇಲೆ ತರಗತಿಯ ಹಲಗೆಯ ಮೇಲೆ ತಾರೀಖನ್ನು ಕನ್ನಡ ಅಂಕಿಗಳಲ್ಲಿ ಬರೆಯತೊಡಗಿದ್ದೇನೆ. ಮೊದಲ ದಿನ ಓದಲು ತಡವರಿಸಿದವರು ಈಗ ನಾನು ತಪ್ಪಿದರೆ ತಿದ್ದುತ್ತಾರೆ.